ಹಲ್ಲಿ ಸುಮ್ಮನಾಗುವ ದೂರ

ನಮ್ಮೂರಿನಲ್ಲಿ ಐವತ್ತು ತುಂಬದವರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಐವತ್ತು ತುಂಬಿದ ದಿನ ನೆಂಟರಿಷ್ಟರನ್ನೆಲ್ಲ ಕರೆದು, ಗಂಡಾಗಲಿ ಹೆಣ್ಣಾಗಲಿ, ಕೈಗೊಂದು ಸೌಟು ಕೊಟ್ಟು ಒಳಗೆ ಕಳಿಸುತ್ತಾರೆ. ಅಲ್ಲಿಯವರೆಗೆ ನೀರು ಕಾಯಿಸುವುದನ್ನೂ ಕಾಣದವರು ಅಂದಿನಿಂದ ಮನೆಮಂದಿಗೆಲ್ಲ ಬೇಯಿಸಿ ಹಾಕಬೇಕು. ನನ್ನ ಗಂಡ ಸೌಟು ಹಿಡಿದ ದಿನ ಮಾಡಿದ ಸಾರನ್ನು ನಮ್ಮ ಎಮ್ಮೆಯೂ ಮೂಸಿ ಮುಖ ತಿರುಗಿಸಿತು. ಪಾಪ, ಬದುಕಿದ್ದಷ್ಟು ದಿನವೂ ಆತನಿಗೆ ಹುಣಿಸೆಹುಳಿಯ ಅಂದಾಜು ಸಿಗಲಿಲ್ಲ. ನಾನು ಸೌಟು ಹಿಡಿದದ್ದು ಅವನಾದ ಮೇಲೆ. ಸಣ್ಣತಾಯಮ್ಮನ ಕೈಯಡುಗೆ ಎಂದರೆ ಊರಿನಲ್ಲಿ ಹೆಸರಿತ್ತು, ಅದನ್ನು ನಾನೇ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ, ಅದನ್ನು ಹೇಳಲೆಂದೇ ಬಾಯಿ ತೆರೆದಿದ್ದೇನೆ.

ಅಡುಗೆಮನೆ ಎಂದರೆ ಹಿತ್ತಲ ಕೊನೆಗೆ, ಮನೆಯಿಂದ ಆದಷ್ಟು ದೂರಕ್ಕೆ ಕಟ್ಟಿದ, ದಪ್ಪ ಗೋಡೆಯ ಒಂದೇ ಕೋಣೆ. ಬಾಗಿಲಿಗೆ ಸೀಸದ ತಗಡು ಹೊಡೆದಿರುತ್ತದೆ. ಒಳಗೊಂದು ಗುಂಡಿ, ಗುಂಡಿಯಲ್ಲಿ ಕಲ್ಲು. ಸೌದೆ ಬೇಡ, ಎಣ್ಣೆ ಬೇಡ, ಹೊಗೆಯಿಲ್ಲ. ಗುಂಡಿಯ ಮೇಲೆ ಪಾತ್ರೆ ಇಟ್ಟರೆ ಬೇಯುತ್ತದೆ. ನಮಗೆ ಬೇಕಿರಲಿ ಬೇಡದಿರಲಿ, ಅದು ಹಗಲು ರಾತ್ರಿ ಶಾಖ ಬಿಡುತ್ತಲೇ ಇರುತ್ತದೆ. ಶಾಖದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದನ್ನೂ ಬಿಡುತ್ತದೆ. ಅದು ಎಳೆಯ ಮೈಗೆ ಆಗದು, ಬಸುರಿಯರಿಗಂತೂ ಆಗಲೇ ಆಗದು. ನಮ್ಮಂಥ ಮುದುಕರ ಮೈಯಲ್ಲಿ ಅದು ಬೇರು ಬಿಡುವ ಹೊತ್ತಿಗೆ ನಾವೇ ಹೊರಟಿರುತ್ತೇವೆ ಎಂದು ಲೆಕ್ಕ, ಹಾಗಾಗಿ ಅಡುಗೆ ನಮ್ಮ ಪಾಲಿಗೆ. ಅಡುಗೆಯ ಸೀರೆ ಅಲ್ಲೇ ಗೂಟದ ಮೇಲಿರಬೇಕು. ಹೊರಬರುವಾಗ ಅದನ್ನು ಬಿಚ್ಚಿ, ಕೈಕಾಲು ತೊಳೆದು, ಬೇರೆ ಉಟ್ಟುಕೊಂಡು ಬರಬೇಕು. ಉದ್ದನೆಯ ಇಕ್ಕಳ ಒಂದನ್ನು ಬಿಟ್ಟು ಬೇರೆ ಯಾವುದರಿಂದಲೂ ಕಲ್ಲನ್ನು ಮುಟ್ಟಬಾರದು. ಕಟ್ಟಳೆ ಎಂದರೆ ಇಷ್ಟೇ, ಇದನ್ನು ಪಾಲಿಸಲು ಬುದ್ಧಿವಂತರೇನೂ ಆಗಬೇಕಿಲ್ಲ.

ಬೇರೆ ಊರುಗಳಲ್ಲಿ ಹಲ್ಲಿ ಲೊಚಗುಟ್ಟಿದರೆ ಶಕುನ ಎನ್ನುತ್ತಾರಂತೆ. ನಮ್ಮೂರಿನಲ್ಲಿ ಅದು ಸುದ್ದಿ. ಏನೂ ಇಲ್ಲದ ಕಡೆಯಲ್ಲೂ ನಮ್ಮ ಹಲ್ಲಿಗಳು ಪೂರ್ತಿ ಸುಮ್ಮನಿರುವುದಿಲ್ಲ, ಒಂದು ಊಟ ಮುಗಿಯುವಷ್ಟರಲ್ಲಿ ಏಳೆಂಟು ಸಲ ಲೊಚ್ ಎನ್ನುತ್ತವೆ. ಅದು ಮಣ್ಣಿನದು, ಆಕಾಶದ್ದು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಲ್ಲು ಹತ್ತಿರವಾದಷ್ಟೂ ಲೊಚಗುಟ್ಟುವುದು ಹೆಚ್ಚುತ್ತದೆ. ಅಡುಗೆಮನೆಯ ಹಲ್ಲಿಗಳು ಒಂದೇ ಸಮ ಲೊಚಗುಟ್ಟುತ್ತಿದ್ದರೂ ನಾವು ಕಿವಿಗೆ ಹಾಕಿಕೊಳ್ಳದೆ ಒಗ್ಗರಣೆ ಹಾಕುತ್ತೇವೆ. ಆದರೆ ಮನೆಯ ನಡುವೆ, ಮಕ್ಕಳು ಮರಿ ಇರುವಲ್ಲಿ, ಹಲ್ಲಿ ಹಾಗೆ ಶುರುಮಾಡಿತೆಂದರೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಆಗ ಎಣಿಕೆಯ ಮಲ್ಲಯ್ಯನನ್ನು ಕರೆಸಬೇಕು. ಸೋರೆಬುರುಡೆಯೊಳಗೆ ಒಂದು ಹಲ್ಲಿ ಇಟ್ಟುಕೊಂಡು, ಮನೆಮನೆಗೆ ಹೋಗಿ ಅದರ ಲೊಚ ಎಣಿಸುವುದು ಅವನ ಕೆಲಸ. ಅವನ ಅಪ್ಪನ ಕೆಲಸವೂ ಅದೇ ಆಗಿತ್ತು.

ನನಗೆ ಒಬ್ಬನೇ ಮಗ, ದೊರೆಸ್ವಾಮಿ. ಮದುವೆಯಾಗಿ ಆರು ವರ್ಷ ಕಾದ ಮೇಲೆ ಸೊಸೆ ಹೊನ್ನಿ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ, ಆದರೆ ಹೊನ್ನಿಗೆ ತಾಯಿಯಿಲ್ಲ. "ಬಾಣಂತನ ನಾನೇ ಮಾಡ್ತೀನಿ ಕಣೆ. ನಿಮ್ಮವ್ವ ಇದ್ದಿದ್ರೂ ಹಿಂಗೆ ಮಾಡ್ತಿರ್ಲಿಲ್ಲ ಅನ್ಬೇಕು, ಹಂಗೆ ಮಾಡ್ತೀನಿ," ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಅವಳು ಕಣ್ಣು ಒರೆಸಿಕೊಂಡಳು. ಬಾಣಂತನ ಎಂದರೆ ಬಿಸಿನೀರು. ದಿನಕ್ಕೆರಡು ಹಂಡೆ, ಮೈ ಕೆಂಪಾಗುವಷ್ಟು ಕಾದಿರಬೇಕು. ನಮ್ಮ ಕಲ್ಲಿಗೆ ಆ ಶಕ್ತಿ ಉಳಿದಿರಲಿಲ್ಲ.

ಕಲ್ಲು ಆರುವುದು ಹೊಸ ಸಂಗತಿಯಲ್ಲ. ಇಪ್ಪತ್ತು ವರ್ಷಕ್ಕೆ ಅರ್ಧ, ಮತ್ತೆ ಇಪ್ಪತ್ತಕ್ಕೆ ಉಳಿದ ಅರ್ಧದಲ್ಲಿ ಅರ್ಧ. ನಾನು ಈ ಮನೆಗೆ ಬಂದ ಹೊಸದರಲ್ಲಿ ನಮ್ಮತ್ತೆ ಎಸರಿಟ್ಟು ಒಂದು ಸಲ ಎಲೆಅಡಿಕೆ ಜಗಿಯುವಷ್ಟರಲ್ಲಿ ಮುದ್ದೆಯ ನೀರು ಕುದಿಯುತ್ತಿತ್ತಂತೆ. ಈಗ ನಲವತ್ತು ವರ್ಷ ಕಳೆದು ನನ್ನ ಕಾಲಕ್ಕೆ ನಾಲ್ಕು ಸಲ ಜಗಿಯಬೇಕು, ಬಾಯಿ ಬೆಂದುಹೋಗುತ್ತದೆ. ಎದುರುಮನೆಯ ಕೆಂಚಮ್ಮನದೂ ಅಷ್ಟೇ ಹಳೆಯ ಕಲ್ಲು, ಆದರೆ ನಮ್ಮದಕ್ಕಿಂತ ದೊಡ್ಡದು, ಹಾಗಾಗಿ ಅವಳಿಗೆ ಇನ್ನೂ ನಡೆಯುತ್ತಿತ್ತು. ಅವಳು ಒಂದು ದಿನ ಬೇಲಿಯಾಚೆಯಿಂದ, "ಏನ್ ತಾಯಮ್ಮ, ನಿಮ್ಮನೆ ಮುದ್ದೆ ಇವತ್ತಿಗೋ ನಾಳೀಕೋ? ಬಾಣಂತಿ ನೀರು ನಮ್ಮನೇಲಿ ಕಾಯಿಸಿ ಕಳಿಸ್ಲಾ?" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳೋ ಏನೋ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸೊಸೆಗೆ ಎದುರುಮನೆಯ ನೀರು ಹುಯ್ಯಬೇಕೇ, ನಾನು ಬದುಕಿದ್ದೂ ಸತ್ತಂತೆಯೇ ಎಂದು ಆ ಇಡೀ ದಿನ ಕುದ್ದೆ.

ಅದರ ಮರುದಿನ ಶುಕ್ರವಾರ. ಬೆಳಗಿನ ಅಡುಗೆ ಮುಗಿಸಿ ಗುಂಡಿಯ ಎದುರು ಕೂತು ಕಲ್ಲನ್ನೇ ನೋಡಿದೆ. ಅದರ ಮೇಲೆ ಬೂದುಬಣ್ಣದ ಹೊಟ್ಟು ದಪ್ಪಗೆ ಕಟ್ಟಿತ್ತು. ತಳಹಿಡಿದ ಪಾತ್ರೆಯನ್ನು ಉಜ್ಜಿದರೆ ಮತ್ತೆ ಬೇಗ ಬೇಯಿಸುತ್ತದಲ್ಲ, ಇದಕ್ಕೂ ಹಾಗೆಯೇ ಇರಬೇಕು, ಶಾಖವೆಲ್ಲ ಈ ಹೊಟ್ಟಿನ ಕೆಳಗೆ ಸಿಕ್ಕಿಕೊಂಡಿರಬೇಕು ಎಂದು ನನ್ನ ತಲೆಗೆ ಹೊಳೆಯಿತು. ಹನ್ನೆರಡು ವರ್ಷ ಪಾತ್ರೆ ಉಜ್ಜಿದವಳ ತಲೆಗೆ ಇನ್ನೇನು ಹೊಳೆದೀತು! ಕೋಲಿನ ತುದಿಗೆ ತೆಂಗಿನ ನಾರು ಕಟ್ಟಿದೆ, ಇಟ್ಟಿಗೆ ಪುಡಿ ತಂದೆ, ಒಂದು ಕೈಯಲ್ಲಿ ಇಕ್ಕಳದಿಂದ ಕಲ್ಲನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಗಸಗಸ ಉಜ್ಜಿದೆ. ಹೊಟ್ಟು ಪುಡಿಪುಡಿಯಾಗಿ ಎದ್ದಿತು. ಕಾಣುವುದಿಲ್ಲವೆಂದು ಬಗ್ಗಿ ಬಾಯಿಂದ ಉಫ್ ಎಂದು ಊದಿದೆ, ಎರಡು ಸಲ ಕೆಮ್ಮಿದೆ, ಮತ್ತೆ ಊದಿದೆ. ಅಡಿಯಲ್ಲಿ ಕಲ್ಲು ಹೊಸದರಂತೆ ಕಪ್ಪಗೆ ಮಿಂಚಿತು. ಕಟ್ಟಳೆ ಮುರಿದೆನೆಂದು ನನಗೆ ಗೊತ್ತಿತ್ತು. ಸೀರೆ ಬಿಚ್ಚಿ ಗೂಟಕ್ಕೆ ಹಾಕಿ, ಎಂದಿಗಿಂತ ಎರಡು ಚೊಂಬು ಹೆಚ್ಚು ನೀರಲ್ಲಿ ಕೈ ತೊಳೆದು ಹೊರಗೆ ಬಂದೆ.

ಶುಕ್ರವಾರ ಹೊನ್ನಿಗೆ ಎಣ್ಣೆನೀರಿನ ದಿನ. ಹಿತ್ತಲ ಜಗಲಿಯ ಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ಹಾಕಿ ಚೆನ್ನಾಗಿ ತಟ್ಟಿದೆ, ಬೆರಳುಗಳನ್ನು ಬುಡಕ್ಕಿಳಿಸಿ ತಿಕ್ಕಿದೆ. ಅವಳಿಗೆ ಮಂಡಿಯವರೆಗೆ ಇಳಿಯುವ ಕೂದಲು. "ಅತ್ತೆ, ನಿಮ್ ಕೈ ಬಿದ್ರೆ ನಿದ್ದೆ ಬತ್ತದೆ," ಎಂದಳು. ಆರು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನಾನು ಸಂತೋಷದಿಂದ ಇನ್ನಷ್ಟು ತಿಕ್ಕಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ನಡುಮನೆಯ ಹಲ್ಲಿ ಲೊಚ್ ಎಂದಿತು. ದೊರೆಸ್ವಾಮಿ ಮುದ್ದೆ ಮುರಿಯುತ್ತಿದ್ದ. ಇನ್ನೊಮ್ಮೆ ಲೊಚ್ ಎಂದಿತು, ಆಮೇಲೆ ನಿಲ್ಲಿಸಲೇ ಇಲ್ಲ. ಮೂವರೂ ಉಸಿರು ಹಿಡಿದು ಮೇಲೆ ನೋಡಿದೆವು. ಹೊನ್ನಿ ಎದ್ದು ಕೋಣೆಗೆ ಹೋದಳು. ನಡುಮನೆಯ ಹಲ್ಲಿ ಕೊಂಚ ನಿಧಾನವಾಯಿತು, ಕೋಣೆಯ ಹಲ್ಲಿ ಶುರುಮಾಡಿತು. ನನಗೆ ಆ ಗಳಿಗೆಯಲ್ಲೇ ಎಲ್ಲ ತಿಳಿದುಹೋಯಿತು. ನನ್ನ ಉಗುರು ಸಂದಿಯಲ್ಲಿ ಉಳಿದದ್ದು ಅವಳ ತಲೆಗೆ ಏರಿದೆ ಎಂದು ತಿಳಿಯಿತು.

"ಹೊನ್ನಿ, ಅಡುಗೆಮನೆಗೇನಾದ್ರೂ ಹೋಗಿದ್ಯಾ?" ಎಂದು ಮಗ ಬಾಗಿಲಲ್ಲಿ ನಿಂತು ಕೇಳಿದ. "ಇಲ್ಲ, ದೇವ್ರಾಣೆಗೂ ಇಲ್ಲ, ನಾನು ಆ ಕಡೆ ತಲೇನೇ ಹಾಕಿಲ್ಲ," ಎಂದಳು ಅವಳು. ಬಯಕೆ ಬಂದ ಬಸುರಿಯರು ಕದ್ದು ಮಣ್ಣು ತಿನ್ನುವುದು, ಸುಣ್ಣ ನೆಕ್ಕುವುದು ಎಲ್ಲ ಕಡೆಯೂ ಉಂಟು. ನಮ್ಮೂರಿನಲ್ಲಿ ಹಿಂದೆ ಒಬ್ಬಳು ಕಲ್ಲಿನ ಹೊಟ್ಟು ತಿಂದಿದ್ದಳಂತೆ. ಅವಳಿಗೇನಾಯಿತು, ಮಗುವಿಗೇನಾಯಿತು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ದೊರೆಸ್ವಾಮಿ ನನ್ನ ಕಡೆ ತಿರುಗಿ, "ಅವ್ವ, ನೀನು ಬಾಗ್ಲು ಸರಿಯಾಗಿ ಹಾಕಿದ್ಯಾ?" ಎಂದ. "ಹಾಕಿದ್ದೆ ಅನ್ಸುತ್ತೆ," ಎಂದೆ ನಾನು. ಆ 'ಅನ್ಸುತ್ತೆ'ಯನ್ನು ಯಾಕೆ ಸೇರಿಸಿದೆನೆಂದು ನನಗೆ ಚೆನ್ನಾಗಿ ಗೊತ್ತು. ಅನುಮಾನ ಹೊನ್ನಿಯ ಮೇಲೆಯೇ ನಿಲ್ಲಲಿ ಎಂದು ಸೇರಿಸಿದೆ.

ನಾಲ್ಕು ದಿನ ಹಾಗೆಯೇ ಕಳೆಯಿತು. ಒಂದು ಸಲ ನೀರು ಹುಯ್ದುಕೊಂಡರೆ ಹೋಗುತ್ತದೆ, ಇನ್ನೊಂದು ಸಲ ಹುಯ್ದರೆ ಹೋಗುತ್ತದೆ ಎಂದು ದಿನಕ್ಕೆ ಎರಡು ಹೊತ್ತು ಅವಳಿಗೆ ಸ್ನಾನ ಮಾಡಲು ಹೇಳಿದೆ. ಎಣ್ಣೆಗೆ ಅಂಟಿದ್ದು ಸೀಗೆಪುಡಿಗೂ ಬಿಡಲಿಲ್ಲ. ಅವರಿಬ್ಬರೂ ಮನೆಯಲ್ಲಿಲ್ಲದಾಗ ಪೊರಕೆ ಹಿಡಿದು ನಡುಮನೆಯ ಹಲ್ಲಿಗಳನ್ನು ಓಡಿಸಿದೆ. ಒಂದನ್ನು ಓಡಿಸಿದರೆ ಸಂಜೆಗೆ ಎರಡು ಬರುತ್ತಿದ್ದವು. ನಾನು ಆದಷ್ಟೂ ಅಡುಗೆಮನೆಯಲ್ಲೇ ಇರುತ್ತಿದ್ದೆ, ಯಾಕೆಂದರೆ ಹಲ್ಲಿ ನನ್ನನ್ನು ಕಂಡರೂ ಲೊಚಗುಟ್ಟುತ್ತಿತ್ತು, ಅಲ್ಲಾದರೆ ಆ ಗದ್ದಲದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಬಾಯಿಗೆ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅವಳ ಹೊಟ್ಟೆ ಕಾಣುತ್ತಿತ್ತು, ಹೊಟ್ಟೆಯೊಳಗಿನ ಕೂಸಿನ ಮುಷ್ಟಿ ಕಾಣುತ್ತಿತ್ತು. ಈಗ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಪಾತ್ರೆ ತೊಳೆಯುತ್ತಿದ್ದೆ. ನಾನು ತಡಮಾಡಿದ ಒಂದೊಂದು ಗಳಿಗೆಯೂ ಆ ಕೂಸಿನ ಮೇಲೆ ಬೀಳುತ್ತಿದೆಯೆಂದು ಗೊತ್ತಿದ್ದೂ ತೊಳೆಯುತ್ತಿದ್ದೆ. ಕಲ್ಲು ಉಜ್ಜಿದ್ದು ತಿಳಿಯದೆ ಆದ ತಪ್ಪು; ಈ ನಾಲ್ಕು ದಿನ ತಿಳಿದೇ ಮಾಡಿದ್ದು.

ಐದನೆಯ ದಿನ ದೊರೆಸ್ವಾಮಿ ಮಲ್ಲಯ್ಯನನ್ನು ಕರೆತಂದ. ಬಸುರಿಯ ಮೈಮೇಲೆ ಹಲ್ಲಿ ಬೀಳಬಾರದು ಎಂದು ಎಣಿಕೆಯವರಲ್ಲಿ ಒಂದು ನೇಮ, ಹಾಗಾಗಿ ಅವನು ಬುರುಡೆಯನ್ನು ಮೂರು ಹೆಜ್ಜೆ ದೂರದಲ್ಲೇ ಇಟ್ಟುಕೊಂಡು ಎಣಿಸಿದ. ನೂರು ಉಸಿರು ಎಳೆದು ಬಿಡುವಷ್ಟರಲ್ಲಿ ಎಷ್ಟು ಲೊಚ ಎಂಬುದು ಲೆಕ್ಕ. ಮೂರು ನಾಲ್ಕಾದರೆ ಏನೂ ಇಲ್ಲ. ಮೂವತ್ತು ದಾಟಿದರೆ ಆಚೆಮನೆ. ಕೆರೆಯ ಏರಿ ದಾಟಿದ ಮೇಲೆ ಒಂಟಿಯಾಗಿ ನಿಂತಿರುವ ಮನೆ ಅದು. ಹಲ್ಲಿ ಸುಮ್ಮನಾಗುವವರೆಗೆ ಅಲ್ಲಿ ಒಬ್ಬರೇ ಇರಬೇಕು, ಅನ್ನವನ್ನು ಏರಿಯ ಮೇಲೆ ಇಟ್ಟು ಬರುತ್ತಾರೆ. ಹೋದವರಲ್ಲಿ ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ. ನಾನು ಹಿತ್ತಲ ಕೊನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮಲ್ಲಯ್ಯನ ತುಟಿಗಳನ್ನೇ ನೋಡುತ್ತಿದ್ದೆ.

"ಐವತ್ತೆರಡು," ಎಂದ ಮಲ್ಲಯ್ಯ. ಆಮೇಲೆ ಹೊನ್ನಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, "ಏನ್ ತಿಂದೆ, ನಿಜ ಹೇಳ್ಬುಡವ್ವ. ಬಯ್ಯಕ್ಕೆ ಕೇಳ್ತಿಲ್ಲ ನಾನು," ಎಂದ. "ಏನೂ ತಿಂದಿಲ್ಲ ಮಾವ. ಯಾರೂ ಯಾಕ್ ನಂಬ್ತಿಲ್ಲ ನೀವು?" ಎಂದು ಅವಳು ಕೂಗಿದಳು. ದೊರೆಸ್ವಾಮಿ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತ. ಮಲ್ಲಯ್ಯ ಎದ್ದು, "ಗಾಡಿ ಕಟ್ಟಪ್ಪ," ಎಂದ. ದೊರೆಸ್ವಾಮಿ ಎತ್ತುಗಳನ್ನು ತಂದು ನೊಗಕ್ಕೆ ಕಟ್ಟಿದ. ಹೊನ್ನಿ ಒಂದು ಚಾಪೆ, ಎರಡು ಸೀರೆ, ಹುಟ್ಟುವ ಕೂಸಿಗೆಂದು ಹೊಲಿದಿಟ್ಟಿದ್ದ ಕೌದಿ ಇಷ್ಟನ್ನು ಎದೆಗವಚಿಕೊಂಡು ಹೊರಗೆ ಬಂದಳು. ಮೂರು ತಿಂಗಳಿಗೆ ಹೆರುವವಳು ಕೆರೆಯಾಚೆಯ ಒಂಟಿಮನೆಗೆ ಕೌದಿ ಹಿಡಿದುಕೊಂಡು ಹೊರಟಿದ್ದಳು. ನಾನು ಅಡುಗೆಮನೆಯ ಬಾಗಿಲು ಬಿಟ್ಟು ಓಡಿಬಂದೆ.

"ನಿಲ್ಸಿ. ಅವಳಲ್ಲ. ನಾನು ಕಲ್ಲು ಉಜ್ಜಿದೆ," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಸುರಿದುಬಿಟ್ಟೆ: ಕೆಂಚಮ್ಮನ ಮಾತು, ನಾರು, ಇಟ್ಟಿಗೆ ಪುಡಿ, ಎಣ್ಣೆ, ನಾಲ್ಕು ದಿನ. ಮಲ್ಲಯ್ಯ ತಲೆಗೆ ಕೈ ಹೊತ್ತು ಗಾಡಿಯ ಮೂಕಿಯ ಮೇಲೆ ಕೂತುಬಿಟ್ಟ. "ಅಲ್ಲ ಕಣ್ ತಾಯಮ್ಮ, ಉಜ್ಜಿದ್ರೆ ಬಿಸಿ ಆಗಕ್ಕೆ ಅದೇನ್ ಬೋಸಿನಾ? ಅದ್ರೊಳಗಿನ ಒಂದೊಂದು ಕಣಾನೂ ಅದರ ಪಾಡಿಗೆ ಅದು ಸಿಡೀತದೆ. ಯಾವುದು ಯಾವಾಗ ಅಂತ ಯಾರ್ಗೂ ಗೊತ್ತಿಲ್ಲ. ಉಜ್ಜಿದ್ರೆ ಬೇಗ ಆಗಲ್ಲ, ನೀರಿಗೆ ಹಾಕಿದ್ರೆ ನಿಧಾನ ಆಗಲ್ಲ, ಕಾಲು ಹಿಡಿದ್ರೂ ಕೇಳಲ್ಲ. ನೀನು ಶಾಖ ಬಿಡಿಸಲಿಲ್ಲ, ಶಾಖಾನೇ ಕೆರೆದು ಚೆಲ್ಲಿದೆ." ಹಾಗೆಂದವನೇ ಹೊನ್ನಿಯ ಕಡೆ ತಿರುಗಿದಾಗ ಅವನ ದನಿ ಹಗುರಾಗಿತ್ತು. "ಹೊಟ್ಟೇಲಿಲ್ಲ ಅನ್ನು ಹಂಗಾದ್ರೆ. ತಲೇಲಿ ಅದೆ. ಬಿಸಿಲಲ್ಲಿ ನಿಂತೋರು ಸೂರ್ಯ ಆಗಲ್ಲವ್ವ. ಧೂಳು ಹೊತ್ಕೊಂಡ್ರೆ ಮಾತ್ರ ಕಷ್ಟ, ಆ ಧೂಳು ಇಳಿಸಿದ್ರೆ ಆಯ್ತು."

ಹೊನ್ನಿ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಚಾಪೆ ಸೀರೆ ಕೆಳಗಿಟ್ಟು, ಜಡೆ ಬಿಚ್ಚಿ, ಗಂಡನ ಮುಂದೆ ನೆಲದ ಮೇಲೆ ಕೂತು, "ಬೋಳಿಸಿ," ಎಂದಳು. ಮುತ್ತೈದೆಯ ತಲೆಗೆ ಕತ್ತಿ ಹಾಕುವುದು ನಮ್ಮಲ್ಲಿ ಎಲ್ಲಿಯೂ ಇಲ್ಲ. ದೊರೆಸ್ವಾಮಿ ಹಿಂದುಮುಂದು ನೋಡಿದ. "ಯಾರನ್ನ ಕಾಯ್ತಿದ್ದೀರಿ? ಇನ್ನೂ ಎಷ್ಟು ದಿನ ಆಗ್ಬೇಕು?" ಎಂದಳು. ಅವನು ಗಡ್ಡ ಮಾಡುವ ಕತ್ತಿ ತಂದು, ಅಳುತ್ತಲೇ ಬೋಳಿಸಿದ. ಮಂಡಿಯುದ್ದದ ಕೂದಲೆಲ್ಲ ಒಂದು ಗಡಿಗೆಯಲ್ಲಿ ತುಂಬಿತು. ಮಲ್ಲಯ್ಯ ಅದರ ಬಾಯಿಗೆ ಸೀಸದ ತಗಡು ಮಡಚಿ ಗುಂಡಿ ತೆಗೆದು ಹೂಳಿಸಿದ. ಹೊನ್ನಿ ಸ್ನಾನ ಮಾಡಿ ಬಂದು ನಿಂತಳು. ಮಲ್ಲಯ್ಯ ಎಣಿಸಿದ. ನೂರು ಉಸಿರಿಗೆ ಮೂರು.

ಆಮೇಲೆ ಅವನು ಬುರುಡೆಯನ್ನು ನನ್ನ ಕಡೆ ತಿರುಗಿಸಿದ. ನಾನೂ ತಲೆ ಬೋಳಿಸಿಕೊಂಡೆ, ಉಗುರು ರಕ್ತ ಬರುವಷ್ಟು ಕತ್ತರಿಸಿಕೊಂಡೆ, ಒಂಬತ್ತು ಸಲ ನೀರು ಹುಯ್ದುಕೊಂಡೆ. ಹಲ್ಲಿ ಸುಮ್ಮನಾಗಲಿಲ್ಲ. ಮಲ್ಲಯ್ಯ ಬುರುಡೆಯನ್ನು ನನ್ನ ಎದೆಯ ಹತ್ತಿರ ತಂದಾಗ ಅದು ಎಣಿಸಲಾಗದಷ್ಟು ವೇಗವಾಯಿತು. "ಊದಿದ್ಯಾ?" ಎಂದು ಕೇಳಿದ. "ಊದಿದೆ," ಎಂದೆ. "ಕೆಮ್ಮು ಬಂತಾ?" "ಬಂತು." ಅವನು ಬುರುಡೆ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದ. ಮೂರು ಹೆಜ್ಜೆಯಲ್ಲಿ ನಲವತ್ತು. ಆರು ಹೆಜ್ಜೆಗೆ ಹತ್ತಕ್ಕೆ ಇಳಿಯಿತು. ಹನ್ನೆರಡರಲ್ಲಿ ಅವನು ನಿಂತು ನೂರು ಉಸಿರು ಪೂರ್ತಿ ಎಣಿಸಿ, ನೆಲದ ಸ್ವಂತ ಲೊಚ ಕಳೆದರೆ ಎರಡೋ ಮೂರೋ ಎಂದ.

"ಎದೆಯೊಳಗಿರೋದನ್ನ ಯಾವ ಕತ್ತೀಲಿ ಬೋಳಿಸ್ಲಿ ನಾನು?" ಎಂದ ಆಮೇಲೆ. ಕಟ್ಟಳೆಯಂತೆ ನಾನು ಆಚೆಮನೆಗೆ ಹೋಗಬೇಕಿತ್ತು. ಆದರೆ ಮನೆಯಲ್ಲಿ ಐವತ್ತು ದಾಟಿದವಳು ನಾನೊಬ್ಬಳೇ, ನಾನು ಹೋದರೆ ಬೇಯಿಸುವವರಿಲ್ಲ. ಕೊನೆಗೆ ಅಡುಗೆಮನೆಗೆ ತಾಗಿದಂತೆ ನನಗೊಂದು ಸಣ್ಣ ಕೋಣೆಯಾಯಿತು. ಅಲ್ಲಿಂದ ಹನ್ನೆರಡು ಹೆಜ್ಜೆಗೆ ಹಿತ್ತಲಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದರು. ಬೇಯಿಸಿ, ಮುಚ್ಚಳ ಮುಚ್ಚಿ, ಗೆರೆಯ ಮೇಲಿಟ್ಟು ನಾನು ಹಿಂದೆ ಬಂದ ಮೇಲೆ ಅವರು ಬಂದು ಎತ್ತಿಕೊಳ್ಳುತ್ತಿದ್ದರು. "ಇದೆಷ್ಟು ದಿನ ಮಲ್ಲಯ್ಯ?" ಎಂದು ಕೇಳಿದ್ದಕ್ಕೆ ಅವನು, "ಲೆಕ್ಕ ನಿಂಗೆ ಗೊತ್ತಲ್ಲ, ಇಪ್ಪತ್ತು ವರ್ಷಕ್ಕೆ ಅರ್ಧ," ಎಂದ. ನನಗೆ ಆಗ ಅರವತ್ತೆರಡು.

ಮೂರು ತಿಂಗಳು ನಾನು ಗೆರೆಯ ಈಚೆಯಿಂದ ಹೊನ್ನಿಯ ಹೊಟ್ಟೆ ದೊಡ್ಡದಾಗುವುದನ್ನು ನೋಡಿದೆ. ಅವಳು ನನ್ನ ಜೊತೆ ಮಾತಾಡಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಬಂದು ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ನನಗೆ ಇದ್ದದ್ದು ಒಂದೇ ಚಿಂತೆ. ನಾಲ್ಕು ದಿನ ಎಂದರೆ ಎಷ್ಟು? ಕೂಸಿನ ಕಣ್ಣಿಗೆ ತಾಗಿತೋ, ಬೆರಳಿಗೆ ತಾಗಿತೋ, ಬುದ್ಧಿಗೆ ತಾಗಿತೋ? ಮಲ್ಲಯ್ಯ ದಾರಿಯಲ್ಲಿ ಹೋಗುವಾಗೆಲ್ಲ ಕೂಗಿ ಕೇಳುತ್ತಿದ್ದೆ. "ಹೇಳಕ್ಕಾಗಲ್ಲ ಕಣವ್ವ. ತಗುಲಿದ್ರೂ ತಗುಲ್ತು, ಇಲ್ದಿದ್ರೂ ಇಲ್ಲ. ನೂರು ಜನಕ್ಕಾದ್ರೆ ಲೆಕ್ಕ ಹೇಳ್ಬೋದು, ಒಂದು ಕೂಸಿಗೆ ಯಾವ ಲೆಕ್ಕ?" ಎನ್ನುತ್ತಿದ್ದ. ಅವನು ಸುಳ್ಳಾದರೂ ಹೇಳಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಹೆರಿಗೆಯ ದಿನ ಗೆರೆಗೆ ಕಾಲು ತಾಗಿಸಿಕೊಂಡು ನಿಂತಿದ್ದೆ. ಕೆಂಚಮ್ಮ ತನ್ನ ಮನೆಯಿಂದ ಹಂಡೆಗಟ್ಟಲೆ ನೀರು ಕಾಯಿಸಿ ಕಳಿಸಿದಳು, ಬಂದು ಬಾಣಂತನಕ್ಕೂ ನಿಂತಳು. ಹೊಟ್ಟೆಯುರಿಯಲು ನನ್ನಲ್ಲಿ ಜಾಗವಿರಲಿಲ್ಲ. ಕೂಸು ಅತ್ತ ಸದ್ದು ಕೇಳಿತು. ನಾನು ಅಲ್ಲಿಂದಲೇ, "ಬೆರಳು ಎಣಿಸಿ! ಬೆರಳು ಎಣಿಸಿ!" ಎಂದು ಕೂಗಿದೆ. ಕೆಂಚಮ್ಮ ಹಿತ್ತಲ ಬಾಗಿಲಿಗೆ ಬಂದು, "ಹೆಣ್ಣು ಕಣ್ ತಾಯಮ್ಮ. ಕೈಗ್ ಹತ್ತು, ಕಾಲಿಗ್ ಹತ್ತು. ಕಣ್ಣು ಪಿಳಿಪಿಳಿ ಅಂತಾವೆ," ಎಂದಳು. ನಾನು ಗೆರೆಯ ಪಕ್ಕದಲ್ಲೇ ಕೂತು ಅತ್ತೆ. ಅವಳಿಗೆ ಗೌರಿ ಎಂದು ಹೆಸರಿಟ್ಟರು. ಬೋರಲು ಬಿದ್ದಳು, ಅಂಬೆಗಾಲಿಟ್ಟಳು, ಎಲ್ಲ ಹೊತ್ತುಹೊತ್ತಿಗೆ ಸರಿಯಾಗಿ. ಒಂದೊಂದು ಆದಾಗಲೂ ಇದೊಂದು ದಾಟಿತು ಎಂದುಕೊಳ್ಳುತ್ತಿದ್ದೆ, ಮುಂದಿನದಕ್ಕೆ ಹೆದರುತ್ತಿದ್ದೆ. ಹನ್ನೆರಡು ಹೆಜ್ಜೆಯಿಂದ ಚಪ್ಪಾಳೆ ತಟ್ಟಿ ಕರೆದರೆ ಬಾಯಿ ಅಗಲಿಸಿ ನಗುತ್ತಿದ್ದಳು. ಹಾಗೆ ಕರೆಯಬಾರದಿತ್ತು ನಾನು.

ಹದಿನಾಲ್ಕನೆಯ ತಿಂಗಳಲ್ಲಿ ಒಂದು ಬೆಳಗ್ಗೆ, ನಾನು ಅನ್ನದ ಪಾತ್ರೆ ಗೆರೆಯ ಮೇಲಿಟ್ಟು ಹಿಂದೆ ಬಂದು ತಿರುಗಿ ನೋಡಿದರೆ ಹೊನ್ನಿಯ ಬದಲು ಗೌರಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಯಾವ ಆಸರೆಯೂ ಇಲ್ಲದೆ ನಿಂತಿದ್ದಳು. ನನ್ನನ್ನು ನೋಡಿ ನಕ್ಕು ಒಂದು ಹೆಜ್ಜೆ ಇಟ್ಟಳು. ಅವಳು ಏನನ್ನೂ ಹಿಡಿಯದೆ ನಡೆದದ್ದು ಅದೇ ಮೊದಲು. ಇನ್ನೊಂದು ಹೆಜ್ಜೆ ಇಟ್ಟಳು, ತೂರಾಡಿದಳು, ನಿಂತಳು, ಗೆರೆ ದಾಟಿದಳು. "ಹೊನ್ನೀ! ಕೂಸು!" ಎಂದು ಕೂಗಿದೆ. ಒಳಗೆ ಎಲ್ಲಿದ್ದಳೋ, ಕೇಳಿಸಲಿಲ್ಲ. ಗೌರಿ ಎರಡೂ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದಳು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ನಾನು ಒಂದು ಹೆಜ್ಜೆ ಹಿಂದಿಟ್ಟೆ. ಇದು ಆಟವೆಂದುಕೊಂಡು ಅವಳು ಕಿಲಕಿಲ ನಕ್ಕಳು, ಇನ್ನೂ ಬೇಗ ಬಂದಳು.

ನನ್ನ ಬೆನ್ನಿಗೆ ಅಡುಗೆಮನೆಯ ಗೋಡೆ ತಾಗಿತು. ಒಂದು ಕಡೆ ಸೀಸದ ಬಾಗಿಲು, ಅದರೊಳಗೆ ಕಲ್ಲು. ಇನ್ನೊಂದು ಕಡೆ ಹಿತ್ತಲಿನ ಮುಳ್ಳುಬೇಲಿ. ನನ್ನ ಕೋಣೆಗೆ ಹೊಕ್ಕು ಬಾಗಿಲು ಹಾಕಿಕೊಂಡರೂ ಅವಳು ಆ ಬಾಗಿಲಿಗೇ, ಕಲ್ಲಿನ ಪಕ್ಕಕ್ಕೇ ಬಂದು ಕೂರುತ್ತಿದ್ದಳು. ಎಂಟು ಹೆಜ್ಜೆ, ಆರು ಹೆಜ್ಜೆ. ಗೋಡೆಯ ಮೇಲಿನ ಹಲ್ಲಿಗಳು ನನ್ನ ತಲೆಯ ಮೇಲೆ ಲೊಚಗುಟ್ಟುತ್ತಿದ್ದವು, ನನಗೆ ಎಣಿಸುವುದು ಬೇಕಿರಲಿಲ್ಲ. ನನ್ನ ಮೊಮ್ಮಗಳು ಮೊದಲ ಸಲ ನಡೆದು ನನ್ನ ಹತ್ತಿರಕ್ಕೇ ಬರುತ್ತಿದ್ದಳು. ಇನ್ನು ನಾಲ್ಕೇ ಹೆಜ್ಜೆ. ಒಂದೇ ಒಂದು ಸಲ ಎತ್ತಿಕೊಂಡರೆ ಏನಾದೀತು ಎಂದು ನನ್ನ ಕೈಗಳು ಕೇಳಿದವು. ಹಿಂದೊಮ್ಮೆ ಇಷ್ಟಕ್ಕೆ ಏನಾದೀತು ಎಂದುಕೊಂಡೇ ಕಲ್ಲು ಉಜ್ಜಿದ್ದವಳು ನಾನು.

"ಥೂ! ಹೋಗೆ ಆಚೆಗೆ! ಹತ್ರ ಬಂದ್ರೆ ಕಾಲು ಮುರೀತೀನಿ! ಹೋಗೇ!" ಎಂದು ಕಿರುಚಿದೆ. ಗೋಡೆಗೆ ಒರಗಿಸಿದ್ದ ಕೋಲನ್ನು ತೆಗೆದು ನೆಲಕ್ಕೆ ಬಡಿದೆ, ಹಲ್ಲು ಕಚ್ಚಿ ಕಣ್ಣು ಕೆಕ್ಕರಿಸಿದೆ. ಗೌರಿ ನಿಂತಳು. ಅವಳ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ನಾನು ಮತ್ತೆ ಕೋಲು ಬಡಿದೆ. ಅವಳ ತುಟಿ ಸೊಟ್ಟಗಾಯಿತು. ಧೊಪ್ಪನೆ ಕೂತು ಊರಿಗೇ ಕೇಳುವಂತೆ ಅತ್ತಳು, ಆಮೇಲೆ ಹಿಂದೆ ತಿರುಗಿ ಅಂಬೆಗಾಲಲ್ಲಿ ಮನೆಯ ಕಡೆಗೆ ಹೊರಟಳು. ಹೊನ್ನಿ ಓಡಿಬಂದು ಎತ್ತಿಕೊಂಡು ಗೆರೆಯಾಚೆಗೆ ಹೋಗಿ ನಿಂತಳು. ನಾನು ಇನ್ನೂ ಕೋಲು ಹಿಡಿದೇ ಇದ್ದೆ. ಏನಾಯಿತೆಂದು ಅವಳಿಗೆ ಹೇಳಬೇಕಾಗಲಿಲ್ಲ. ಕೂಸಿನ ಬೆನ್ನು ತಟ್ಟುತ್ತ ನನ್ನನ್ನೇ ನೋಡಿದಳು. ಅವಳ ಕೂದಲು ಆಗ ಹೆಗಲವರೆಗೆ ಬೆಳೆದಿತ್ತು.

"ನಾಳೆನೂ ಬತ್ತಾಳೆ ಅತ್ತೆ. ಒಂದ್ಸಲಕ್ಕೆ ಮರೆಯಲ್ಲ ಇವ್ಳು," ಎಂದಳು. ಒಂದೂವರೆ ವರ್ಷದ ಮೇಲೆ ಅವಳು ನನ್ನನ್ನು ಅತ್ತೆ ಎಂದದ್ದು ಅಂದೇ. "ನಾಳೆನೂ ಹಿಂಗೇ ಬೈದುಬುಡಿ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಆಗಲಿ ಎಂದೆ.

ಮರುದಿನ ಕೋಲನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಕಾದೆ. ಗೌರಿ ಹಿತ್ತಲ ಬಾಗಿಲವರೆಗೆ ತಾನೇ ನಡೆದು ಬಂದಳು. ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಬಿಕ್ಕಿ, ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಚುರುಕು ಕೂಸು, ನನ್ನ ಮೊಮ್ಮಗಳು. ಒಂದು ಸಲ ಹೇಳಿಕೊಟ್ಟರೆ ಸಾಕಾಯಿತು.